ಹಾಲಿನಾಗ ಅಲ್ಲ, ಸಾರಿನಾಗ

ಶೇಖರ ಆ ಲೇಖನವನ್ನು ಐದು ಸಲ ಬರೆದು ಐದು ಸಲವೂ ಹರಿದುಹಾಕಿದ. ಆರನೆಯದನ್ನು ಹರಿಯಲು ಮನಸ್ಸಾಗದೆ ಕೊಟ್ಟುಬಿಟ್ಟ. ಅದು ಹೋಗಬಾರದ ಮನೆಗೇ ಮೊದಲು ಹೋಯಿತು.

ಮಾಟುಂಗದ ಕನ್ನಡ ಸಂಘಕ್ಕೆ ‘ಮಿಣುಕು’ ಎಂಬ ಕೈಬರಹದ ಪತ್ರಿಕೆಯೊಂದಿತ್ತು. ಸದಸ್ಯರು ಬರೆದುಕೊಟ್ಟದ್ದನ್ನೆಲ್ಲ ವಿನೋದಿನಿ ಟೀಚರ್ ತಮ್ಮ ದುಂಡಗಿನ ಅಕ್ಷರದಲ್ಲಿ ಒಂದು ದಪ್ಪ ಪುಸ್ತಕಕ್ಕೆ ಇಳಿಸುತ್ತಿದ್ದರು. ಇರುವುದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಬೇಕು. ಒಂದೊಂದು ಮನೆಯಲ್ಲಿ ಎರಡು ದಿನ ಇರುತ್ತಿತ್ತು. ಓದಿದವರು ಕೊನೆಯ ಪುಟದಲ್ಲಿ ಸಹಿ ಹಾಕಿ ಮುಂದಿನವರಿಗೆ ದಾಟಿಸುತ್ತಿದ್ದರು.

ಸಂಘದ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವರು ನೀಲಕಂಠಪ್ಪನವರು. ಧಾರವಾಡದ ಕಡೆಯವರು, ರೈಲ್ವೆಯ ಗುಮಾಸ್ತರಾಗಿದ್ದು ನಿವೃತ್ತರಾದವರು. ಒಂದು ಭಾನುವಾರ ಅವರು ಶೇಖರನನ್ನು ಹಿಡಿದು ನಿಲ್ಲಿಸಿದರು.

“ಏನ್ರೀ ಶೇಖರವ್ರ, ವಾರಕ್ಕೊಂದು ಪುಸ್ತಕ ಒಯ್ತೀರಿ. ಓದ್ತೀರೋ, ತಲಿಗಿಂಬು ಮಾಡ್ಕೊಂಡು ಮಲಗ್ತೀರೋ?”

“ಓದ್ತೇನೆ ಮಾರಾಯ್ರೆ.”

“ಹಂಗಾರ ಓದಿದ್ದರ ಬಗ್ಗೆ ನಾಕು ಪುಟ ಬರೀರಿ. ಮಿಣುಕಿಗೆ.”

“ನಾನು ಎಂತ ಬರೆಯುವುದು? ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವ.”

“ಹಗಲ ಸಾಲಿ ಕಲ್ತವರು ಬರದದ್ದು ಮೂರು ವರ್ಷದಿಂದ ಓದಾಕತ್ತೇನಿ. ಬರೇ ಆಕಳಿಕಿ ಬರ್ತಾವ. ಬರೀರಿ.”

ಶೇಖರ ಉಡುಪಿಯ ಕಡೆಯವನು. ಜೋಗೇಶ್ವರಿಯಲ್ಲಿ ಬೀಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲಾರ್ಕು. ಅಲ್ಲೇ ಹತ್ತಿರದ ಚಾಳಿನಲ್ಲಿ ಒಂಟಿಯಾಗಿದ್ದ. ಬೀಗಗಳನ್ನು ಪೆಟ್ಟಿಗೆಗೆ ತುಂಬಿದ ಮೇಲೂ ಮತ್ತೊಮ್ಮೆ ತೆರೆದು ಎಣಿಸುವ ಸ್ವಭಾವ ಅವನದು. ವಾಚನಾಲಯದಲ್ಲಿ ಇಂಥ ಪುಸ್ತಕ ಬೇಕೆಂದು ಬಾಯಿಬಿಟ್ಟು ಕೇಳುವ ಧೈರ್ಯವೂ ಅವನಿಗಿರಲಿಲ್ಲ. ಕೇಳಿದರೆ ‘ಇದು ನಿಮಗೆ ಅರ್ಥವಾಗ್ತದಾ’ ಎಂದು ಯಾರಾದರೂ ಅಂದುಬಿಟ್ಟರೆ? ಅದಕ್ಕೇ ಶನಿವಾರ ವಾಪಸು ಬಂದು ಮೇಜಿನ ತುದಿಯಲ್ಲಿ ಬಿದ್ದಿರುತ್ತಿದ್ದ ಪುಸ್ತಕಗಳಲ್ಲಿ ಮೇಲಿನದನ್ನು ಭಾನುವಾರ ಬೆಳಿಗ್ಗೆ ಎತ್ತಿಕೊಂಡು ಬರುತ್ತಿದ್ದ. ಯಾರೋ ಒಬ್ಬರು ಓದಿಯಾಗಿದೆ ಎಂಬುದೇ ಅವನಿಗೆ ಒಂದು ಭರವಸೆ.

ಹೀಗೆ ಐದು ವಾರ ಓದಿದ ಐದು ಪುಸ್ತಕಗಳನ್ನು ನೆನಪಿಸಿಕೊಂಡು ಬರೆಯಲು ಕೂತ.

ಮೊದಲನೆಯದು ಪತ್ತೇದಾರಿ ಕಾದಂಬರಿ. ಜಮೀನುದಾರನೊಬ್ಬ ಮಲಗುವ ಮುಂಚೆ ಹಾಲು ಕುಡಿದು ಸಾಯುತ್ತಾನೆ. ಮನೆಯಲ್ಲಿರುವ ಏಳು ಮಂದಿಗೂ ಅವನ ಮೇಲೆ ಒಂದೊಂದು ದ್ವೇಷ. ಓದುವಾಗ ಶೇಖರನಿಗೆ ಏಳು ಮಂದಿಯ ಮೇಲೂ ಸಂಶಯ ಬಂತು. ಕೊನೆಯಲ್ಲಿ ಅಪರಾಧಿ ಸಿಕ್ಕಾಗ ಉಳಿದ ಆರು ಮಂದಿಯಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಹಾಲಿನ ಲೋಟದ ಸನ್ನಿವೇಶವಿದ್ದ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿದ್ದರು: ‘ಹಾಲಿನಾಗ ಅಲ್ಲ, ಸಾರಿನಾಗ.’ ಈ ಓದುಗರು ಪತ್ತೇದಾರನಿಗಿಂತ ಮೊದಲೇ ಊಹೆಗೆ ಇಳಿದಿದ್ದಾರೆ, ಆದರೆ ಊಹೆ ತಪ್ಪಿದೆ ಎಂದು ಶೇಖರ ನಕ್ಕಿದ್ದ. ಕಾದಂಬರಿಯಲ್ಲಿ ವಿಷವಿದ್ದದ್ದು ಹಾಲಿನಲ್ಲೇ.

ಎರಡನೆಯದು ಬದರಿಗೆ ನಡೆದುಹೋದವರ ಪ್ರವಾಸಕಥನ. ಅದರಲ್ಲಿ ಹಿಮಕ್ಕಿಂತ ಹೆಚ್ಚಾಗಿ ಅವನಿಗೆ ಹಿಡಿಸಿದ್ದು, ಲೇಖಕರು ಧರ್ಮಶಾಲೆಯಲ್ಲಿ ಜ್ವರ ಹಿಡಿದು ಮಲಗಿದಾಗ ಗುರುತಿಲ್ಲದ ಮುದುಕಿಯೊಬ್ಬಳು ಬೇರು ಅರೆದು ಕುಡಿಸಿದ ಭಾಗ. ಅವನ ತಾಯಿಯೂ ಹಾಗೆಯೇ ಹಿತ್ತಿಲಿಂದ ಏನೇನೋ ಕಿತ್ತು ತಂದು ಕಲ್ಲಿನ ಮೇಲೆ ಮದ್ದು ಅರೆಯುತ್ತಿದ್ದಳು. ಆ ಪುಟದಲ್ಲೂ ಅದೇ ಪೆನ್ಸಿಲು: ‘ನನಗೂ ಮದ್ದು ಹಾಕ್ಯಾರ.’ ಅದನ್ನು ಓದಿ ಅವನಿಗೆ ಕಣ್ಣು ತೇವವಾಗಿತ್ತು. ಜ್ವರ ಬಂದರೆ ಅವನಿಗೆ ಬಿಸಿನೀರು ಕೊಡುವವರೂ ಈ ಊರಿನಲ್ಲಿ ಇರಲಿಲ್ಲ.

ಮೂರನೆಯದು ಮನೆವೈದ್ಯದ ಕೈಪಿಡಿ. ಅದನ್ನು ಯಾರೂ ಕತೆಯ ಹಾಗೆ ಓದುವುದಿಲ್ಲ, ಶೇಖರ ಓದಿದ. ಓದುತ್ತ ಅದರಲ್ಲಿದ್ದ ಅರ್ಧ ಕಾಯಿಲೆಗಳು ತನಗಿವೆ ಎಂದು ನಂಬಿದ. ಕೂದಲು ಉದುರುವಿಕೆಯ ಅಧ್ಯಾಯದಲ್ಲಿ ಪೆನ್ಸಿಲಿನ ಒಂದು ಗುರುತು. ವಾಂತಿಭೇದಿಯ ಅಧ್ಯಾಯದಲ್ಲಿ ಒಂದು. ಅಂಗಾಲು ಜೋಮು ಹಿಡಿಯುವುದು, ಉಗುರಿನ ಮೇಲೆ ಅಡ್ಡಡ್ಡ ಬಿಳಿಗೆರೆ ಮೂಡುವುದು, ಅಲ್ಲಲ್ಲಿ ಒಂದೊಂದು. ಪಾಪ, ಒಂದೇ ಮನೆಯಲ್ಲಿ ಎಷ್ಟು ಜನ ರೋಗಿಗಳಿದ್ದಾರೋ ಎಂದುಕೊಂಡ.

ನಾಲ್ಕನೆಯದು ಅತ್ತೆ ಸೊಸೆಯರ ಸಾಮಾಜಿಕ ಕಾದಂಬರಿ. ಮೂರು ಕಡೆ ಅತ್ತ. ಅಳಿಸಿದ್ದು ಪುಸ್ತಕದ ಹೆಚ್ಚುಗಾರಿಕೆಯೋ ತನ್ನ ದೌರ್ಬಲ್ಯವೋ ಎಂದು ತೀರ್ಮಾನಿಸಲು ಅವನಿಂದಾಗಲಿಲ್ಲ. ಸೊಸೆಗೆ ಅತ್ತೆ ಕೈತುತ್ತು ಹಾಕುವ ದೃಶ್ಯಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆಯಲಾಗಿತ್ತು, ಕಾಗದ ಹರಿಯುವಷ್ಟು ಒತ್ತಿ.

ಐದನೆಯದು ಕವಿತೆಗಳು. ಎರಡು ಸಲ ಓದಿದರೂ ಅರ್ಥವಾಗದ ಕವಿತೆಗಳೇ ಹೆಚ್ಚು. ಆದರೂ ಒಂದೆರಡು ಸಾಲುಗಳು ಕಾರ್ಖಾನೆಯ ಸದ್ದಿನ ನಡುವೆಯೂ ತಾವಾಗಿಯೇ ನಾಲಗೆಗೆ ಬರುತ್ತಿದ್ದವು. ಈ ಪುಸ್ತಕದಲ್ಲಿ ಅಕ್ಷರಗಳೇ ಇರಲಿಲ್ಲ. ಸಾಲುಗಳ ಕೆಳಗೆ ಎಳೆಯಲು ಹೋದ ಗೆರೆಗಳು ನಡುವೆಯೇ ಜಾರಿ ಪುಟದ ಅಂಚು ದಾಟಿ ಹೋಗಿದ್ದವು, ಬರೆಯುವ ಕೈಗೆ ಪೆನ್ಸಿಲು ಹಿಡಿಯುವುದೇ ಕಷ್ಟವಾದಂತೆ.

ಬರೆದು ಮುಗಿಸಿದ ಮೇಲೆ ಶೇಖರನಿಗೆ ಹೊಸ ಚಿಂತೆ ಹತ್ತಿತು. ಮತ್ತೊಬ್ಬರ ಮಾತನ್ನು ಎತ್ತಿಕೊಂಡರೆ ಯಾರದೆಂದು ಹೇಳದೆ ಇರಬಾರದು ಎಂದು ರಾತ್ರಿ ಶಾಲೆಯ ಮಾಸ್ತರರು ಕಲಿಸಿದ್ದರು. ಪುಸ್ತಕಗಳ ಹಿಂದೆ ಅಂಟಿಸಿದ ಚೀಟಿಯಲ್ಲಿ ಸದಸ್ಯರ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಐದರಲ್ಲೂ ಅವನಿಗಿಂತ ಮುಂಚೆ ಇದ್ದದ್ದು ಒಂದೇ ಸಂಖ್ಯೆ. ಕೊನೆಗೆ ಹೀಗೊಂದು ಪ್ಯಾರಾ ಸೇರಿಸಿದ:

‘ಈ ಪುಸ್ತಕಗಳನ್ನು ನನಗಿಂತ ಮೊದಲು ಓದಿದ ಸದಸ್ಯ ಸಂಖ್ಯೆ ೧೧೨ರವರನ್ನು ನೆನೆಯದಿದ್ದರೆ ತಪ್ಪಾದೀತು. ವಿಷ ಹಾಲಿನಲ್ಲಿರಲಿಲ್ಲ, ಸಾರಿನಲ್ಲಿತ್ತು ಎಂಬ ಅವರ ಊಹೆ ಸ್ವಾರಸ್ಯವಾಗಿದೆ. ಅವರಿಗೆ ಮೈಯಲ್ಲಿ ಸೌಖ್ಯವಿಲ್ಲವೆಂದು ತೋರುತ್ತದೆ. ನನಗೂ ಮದ್ದು ಹಾಕ್ಯಾರ ಎಂದು ಬರೆದುಕೊಂಡಿದ್ದಾರೆ. ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಮನೆಮಂದಿಯಿರುವ ಅವರು ಬೇಗನೆ ಗುಣವಾಗಲಿ.’

ಅವನ ಮಟ್ಟಿಗೆ ಇಡೀ ಲೇಖನದಲ್ಲಿ ಯಾವ ಸಂಶಯವೂ ಇಲ್ಲದೆ ಬರೆದ ಭಾಗ ಅದೊಂದೇ.

*

ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಹೋದಾಗ ನೀಲಕಂಠಪ್ಪನವರು ಒಬ್ಬರೇ ಕೂತು ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದರು.

“ಬರ್ರಿ ವಿಮರ್ಶಕರ, ಬರ್ರಿ. ನಿಮ್ಮ ಮಿಣುಕು ನಿನ್ನೆ ಹೊಂಟ್ತು ನೋಡ್ರಿ. ನನಗ ಓದಾಕ ಸಿಗಲಿಲ್ಲ. ಟೀಚರ್ ತಂದು ಕೊಟ್ಟ್ರು, ಅಷ್ಟರಾಗ ಸೀರಿ ವ್ಯಾಪಾರದ ಗದಿಗೆಪ್ಪ ಬಂದ, ಮನ್ಯಾಗ ಕೇಳಾಕತ್ತಾರ, ಮೊದಲ ನಮ್ಮ ಮನಿಗೆ ಕೊಡ್ರಿ ಅಂತ ಒಯ್ದ. ಏನ್ ಬರದೀರಿ? ಯಾರನ್ನ ಬೈದೀರಿ?”

“ಯಾರನ್ನೂ ಬೈಲಿಲ್ಲ. ಒಬ್ಬರನ್ನು ಹೊಗಳಿದ್ದೇನೆ.” ಶೇಖರ ನಾಚಿಕೊಂಡು ಪೆನ್ಸಿಲಿನ ಓದುಗರ ಸುದ್ದಿ ಹೇಳಿದ. “ಪಾಪ, ಹುಷಾರಿಲ್ಲ ಕಾಣ್ತದೆ. ನನಗೂ ಮದ್ದು ಹಾಕ್ಯಾರ ಅಂತ ಬರೆದಿದ್ದಾರೆ. ನಮ್ಮ ಅಮ್ಮನೂ ಹಾಗೆ...”

ನೀಲಕಂಠಪ್ಪನವರ ಅಂಟಿನ ಕೈ ಅಲ್ಲೇ ನಿಂತಿತು.

“ಏನಂತ ಬರದಾರ? ಇನ್ನೊಮ್ಮೆ ಹೇಳ್ರಿ.”

ಹೇಳಿದ.

“ಶೇಖರವ್ರ, ನಿಮ್ಮ ಕಡೆ ಮದ್ದು ಅಂದ್ರ ಏನು?”

“ಮದ್ದು ಅಂದ್ರೆ ಮದ್ದು. ಔಷಧ.”

“ನಮ್ಮ ಕಡೆ ಔಷಧಕ್ಕ ಔಷಧ ಅಂತೇವಿ.” ಅವರು ದನಿ ತಗ್ಗಿಸಿದರು. “ಮದ್ದು ಹಾಕೋದು ಅಂದ್ರ ಬ್ಯಾರೆ. ಗೊತ್ತಾಗದಂಗ ಉಣ್ಣೂದ್ರಾಗ ಹಾಕೋದು. ನಿಧಾನಕ್ಕ. ನಿಮ್ಮಾಗೂ ಇದ್ದೀತು, ಬ್ಯಾರೆ ಹೆಸರಿರಬೇಕು.”

ಶೇಖರನ ಕಡೆಯೂ ಅದು ಇತ್ತು. ಊರಿನಲ್ಲಿ ಅದನ್ನು ಕೈವಿಷ ಎನ್ನುತ್ತಿದ್ದರು. ಮಕ್ಕಳೆದುರು ಆ ಶಬ್ದವನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

“ನೂರಾ ಹನ್ನೆರಡು,” ಅಂದ. “ಯಾರು ಅದು?”

ರಿಜಿಸ್ಟರ್ ತೆಗೆಯುವ ಮೊದಲೇ ನೀಲಕಂಠಪ್ಪನವರ ಮುಖದಲ್ಲಿ ಉತ್ತರವಿತ್ತು. ಆದರೂ ತೆಗೆದು, ಬೆರಳಿಟ್ಟು ತೋರಿಸಿದರು. ಗದಿಗೆಪ್ಪ, ಇಳಕಲ್ ಸೀರೆಯ ವ್ಯಾಪಾರ, ಮಲಾಡ್.

“ಅಂವ ಒಂದಕ್ಷರ ಓದೂದಿಲ್ಲ ಬಿಡ್ರಿ, ಲೆಕ್ಕದ್ದು ಬಿಟ್ಟು. ಪುಸ್ತಕ ಆತನ ಹೇಣ್ತಿಗೆ. ಶೀಲಾವತಿ. ಧಾರವಾಡದಾಗ ಸಾಲಿ ಕಲ್ತ ಹುಡುಗಿ, ಮೊದಮೊದಲು ತಾನ ಬರ್ತಿದ್ಲು. ಈಗ ಆರು ತಿಂಗಳಾತು, ನಾ ನೋಡಿಲ್ಲ. ಮಕ್ಕಳಾಗಿಲ್ಲ. ಗದಿಗೆಪ್ಪನ ಅವ್ವ ಕಾಶವ್ವ ಮಗಗ ಬ್ಯಾರೆ ಹೆಣ್ಣು ನೋಡಾಕತ್ತಾಳ ಅಂತ ಸುದ್ದಿ. ಆದ್ರ ಈ ಬಾಂಬೆ ರಾಜ್ಯದಾಗ ಮೊದಲಿನಾಕಿ ಇರೂತನಕ ಎರಡನೇದು ಮಾಡ್ಕೊಂಡ್ರ ಜೇಲು.”

‘ಇರೂತನಕ’ ಎಂಬ ಮಾತು ಇಬ್ಬರ ನಡುವೆ ನಿಂತಿತು.

“ಸುಳ್ಳೂ ಇರಬೌದು,” ಎಂದು ನೀಲಕಂಠಪ್ಪನವರೇ ಮತ್ತೆ ಹೇಳಿದರು. “ನಮ್ಮ ಮಂದಿ ಹೊಟ್ಟಿ ನೊಂದ್ರೂ ಮದ್ದು ಹಾಕ್ಯಾರ ಅಂತಾರ.”

“ಕೂದಲು ಉದುರುವುದು, ಕಾಲು ಜೋಮು, ಉಗುರಿನ ಗೆರೆ. ಎಲ್ಲದಕ್ಕೂ ಗುರುತು ಹಾಕಿದ್ದರು. ನಾನು ಮನೆ ತುಂಬ ರೋಗಿಗಳು ಅಂದುಕೊಂಡೆ. ಎಲ್ಲ ಒಬ್ಬರದೇ.” ಅವನಿಗೆ ತನ್ನ ದನಿ ಬೇರೆಯವರದೆಂಬಂತೆ ಕೇಳಿಸಿತು. “ನಂಬರು ಹಾಕಿ ಬರೆದಿದ್ದೇನೆ ನೀಲಕಂಠಪ್ಪನವರೇ. ಆ ಪತ್ರಿಕೆ ಅವರ ಮನೆಯಲ್ಲೇ ಉಂಟು.”

“ಹೋಗ್ರಿ. ತಪ್ಪಾಗೇತಿ, ತಿದ್ದಬೇಕು ಅಂತ ಹೇಳಿ ಪತ್ರಿಕಾ ಅಷ್ಟು ಇಸ್ಕೊಂಡು ಬರ್ರಿ. ಬ್ಯಾರೆ ಏನೂ ಮಾತಾಡಬ್ಯಾಡ್ರಿ. ನನ್ನ ಮೊಣಕಾಲು ಮೆಟ್ಟಿಲು ಹತ್ತೂದಿಲ್ಲ, ಇಲ್ಲಾಂದ್ರ ನಾನೂ ಬರ್ತಿದ್ದೆ. ನಮ್ಮ ಗುರುತಿನ ಡಾಕ್ಟರ್‌ಗೆ ಹೇಳಿ ಇಡ್ತೇನಿ. ಗದಿಗೆಪ್ಪನ ಕಣ್ಣಿಗೆ ಬೀಳೂದ್ರಾಗ ಮುಟ್ರಿ.”

*

ಮಾಟುಂಗ ರೋಡಿನಲ್ಲಿ ಹತ್ತಿದ ಲೋಕಲ್ ಎಲ್ಲ ಸ್ಟೇಷನ್ನುಗಳಲ್ಲೂ ನಿಂತಿತು. ಭಾನುವಾರದ ಜನ ಮಕ್ಕಳನ್ನು ಕಟ್ಟಿಕೊಂಡು ಕಡಲೆಕಾಯಿ ಸುಲಿಯುತ್ತ ಇಳಿದರು, ಹತ್ತಿದರು. ಶೇಖರ ಬಾಗಿಲ ಬಳಿಯ ಕಂಬ ಹಿಡಿದು ನಿಂತು ಬಾಯಿಪಾಠ ಮಾಡಿಕೊಂಡ: ಒಂದು ತಪ್ಪಾಗಿದೆ, ತಿದ್ದಿ ಕೊಡುತ್ತೇನೆ. ಜೋಗೇಶ್ವರಿ ಬಂದಾಗ ಕಾಲು ತಾನಾಗಿ ಇಳಿಯಲು ಮುಂದಾಯಿತು. ಇಳಿದರೆ ಐದು ನಿಮಿಷಕ್ಕೆ ತನ್ನ ಖೋಲಿ. ಇಡೀ ಸಂಗತಿಯೇ ಒಂದು ಶಬ್ದವನ್ನು ತಪ್ಪಾಗಿ ಓದಿದ್ದಿರಬಹುದು. ಮೊದಲು ಔಷಧವೆಂದು ತಪ್ಪಾಗಿ ಓದಿದವನು ಈಗ ವಿಷವೆಂದು ತಪ್ಪಾಗಿ ಓದುತ್ತಿರಲಾರನೇ? ಹಾಗೆ ಯೋಚಿಸುತ್ತಿರುವಾಗಲೇ ಗಾಡಿ ಹೊರಟಿತು.

ಮಲಾಡಿನ ಮಾರ್ಕೆಟ್ಟಿನ ಹಿಂದೆ ಎರಡು ಮಾಳಿಗೆಯ ಚಾಳು. ಮೇಲಿನ ಗ್ಯಾಲರಿಯಲ್ಲಿ ಹೆಂಗಸರು ಸಾಲಾಗಿ ಕೂತು ಅಕ್ಕಿ ಆರಿಸುತ್ತಿದ್ದರು. ಅವರ ಮರಾಠಿ ಮಾತು, ನಗು. ಕೊನೆಯ ಬಾಗಿಲು ಗದಿಗೆಪ್ಪನದು. ಅದೊಂದರ ಮುಂದೆ ಯಾರೂ ಕೂತಿರಲಿಲ್ಲ.

ಗದಿಗೆಪ್ಪ ತೂಕದ ಮನುಷ್ಯ, ಹಣೆಯಲ್ಲಿ ವಿಭೂತಿ, ಮೆತ್ತಗಿನ ದನಿ. ಪರಿಚಯ ಹೇಳಿಕೊಂಡದ್ದೇ ತಡ, ಮುಖ ಅರಳಿಸಿದ.

“ಓ, ಪುಸ್ತಕದ ಬಗ್ಗೆ ಬರದವರು! ಬರ್ರಿ, ಕೂಡ್ರಿ. ಅವ್ವಾ, ಯಾರು ಬಂದಾರ ನೋಡು.”

ಕಾಶವ್ವ ಗೋಡೆಗೊರಗಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಒಳಬಾಗಿಲ ಪರದೆಯಾಚೆ ಅಡುಗೆಯ ಸದ್ದಿತ್ತು. ‘ಮಿಣುಕು’ ಗಲ್ಲಾಪೆಟ್ಟಿಗೆಯ ಮೇಲಿತ್ತು, ಮುಚ್ಚಿಕೊಂಡು.

“ಒಂದು ತಪ್ಪಾಗಿದೆ,” ಅಂದ ಶೇಖರ. “ತಿದ್ದಿ ನಾಳೆಯೇ ತಂದು ಕೊಡ್ತೇನೆ.”

“ಅಯ್ಯ, ಅವಸರ ಏನೈತ್ರಿ? ನೀವ ಬಂದೀರಿ, ಓದಿ ಹೇಳ್ರಿ. ಅವ್ವಗ ಓದಾಕ ಬರೂದಿಲ್ಲ. ಬರದವರ ಬಾಯಾಗ ಕೇಳೂದು ಎಲ್ಲಿ ಸಿಗತೈತಿ?” ಗದಿಗೆಪ್ಪ ಪತ್ರಿಕೆಯನ್ನು ಎತ್ತಿ, ಸರಿಯಾದ ಪುಟವನ್ನೇ ತೆರೆದು, ಅವನ ತೊಡೆಯ ಮೇಲಿಟ್ಟ.

ಶೇಖರ ಓದಿದ. ಜಮೀನುದಾರನ ಏಳು ಶತ್ರುಗಳು ಬಂದರು. ಬದರಿಯ ಹಿಮ ಬಂತು. ಧರ್ಮಶಾಲೆಯ ಮುದುಕಿಗೆ ಕಾಶವ್ವ ಲೊಚಗುಟ್ಟಿದಳು. ಕೈಪಿಡಿ ಓದಿ ಕಾಯಿಲೆ ಹಿಡಿದ ಭಾಗಕ್ಕೆ ಗದಿಗೆಪ್ಪ ಹೊಟ್ಟೆ ಹಿಡಿದು ನಕ್ಕ. ಒಳಗಿನ ಅಡುಗೆಯ ಸದ್ದು ಯಾವಾಗಲೋ ನಿಂತುಹೋಗಿತ್ತು. ಕವಿತೆಗಳ ಮಾತು ಮುಗಿದು ಕೊನೆಯ ಪ್ಯಾರಾ ಬಂದಾಗ ಶೇಖರ ಪುಟದಿಂದ ಕಣ್ಣೆತ್ತದೆ, ಪರದೆಯಾಚೆಗೂ ಕೇಳುವಂತೆ, ಅಲ್ಲಿಲ್ಲದ ಮಾತನ್ನು ಓದಿದ:

“ಪತ್ತೇದಾರಿ ಕಾದಂಬರಿಯ ವಿಷಯದಲ್ಲಿ ನನಗಿಂತ ಮೊದಲು ಓದಿದವರ ಮಾತೇ ಸರಿ. ನನಗೆ ಅದು ತಡವಾಗಿ ತಿಳಿಯಿತು. ತಿಳಿದಿದೆ.”

ಪರದೆ ಅಲುಗಿತು. ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಶೀಲಾವತಿ ಬಂದಳು. ಸೆರಗು ಹಣೆಯವರೆಗೆ ಎಳೆದಿದ್ದರೂ ಕಿವಿಯ ಮೇಲೆ ಕೂದಲಿಲ್ಲದ ಜಾಗ ಕಾಣುತ್ತಿತ್ತು. ತಂಬಿಗೆ ಇಡುವಾಗ ಬೆರಳುಗಳನ್ನು ಒಂದು ಕ್ಷಣ ಅವನ ಕಣ್ಣೆದುರು ಹಾಗೆಯೇ ನಿಲ್ಲಿಸಿದಳು. ಹತ್ತೂ ಉಗುರುಗಳ ಮೇಲೆ ಅಡ್ಡಡ್ಡ ಬಿಳಿಗೆರೆ. ಮತ್ತೆ ಒಳಗೆ ಹೋದಳು.

“ಛಲೋ ಓದಿದ್ರಿ,” ಅಂದ ಗದಿಗೆಪ್ಪ. “ಆದ್ರ ಒಂದು ಪ್ಯಾರಾ ಬಿಟ್ಟ್ರಿ.”

“ಬಿಟ್ಟೆನಾ?”

“ನೂರಾ ಹನ್ನೆರಡು. ನಮ್ಮದ ನಂಬರ. ನಿನ್ನೇನ ಓದೇನಿ, ಎರಡು ಸಲ. ಸಂಘದ ಪುಸ್ತಕದಾಗ ಗೀಚಬಾರದು ಅಂತ ನಿಯಮ ಐತಲ್ರಿ? ನಿಮ್ಮಿಂದ ಗೊತ್ತಾತು, ಉಪಕಾರ ಆತು. ಪೆನ್ಸಿಲ್ ಒಲಿಗೆ ಹಾಕೇನಿ. ಇನ್ನ ಆಕಿ ಗೀಚೂದಿಲ್ಲ.” ಅವನು ನಗುತ್ತಲೇ ಇದ್ದ. “ನೀಲಕಂಠಪ್ಪಗ ಹೇಳ್ರಿ, ಮುಂದಿನ ವಾರದಿಂದ ಪುಸ್ತಕ ಬ್ಯಾಡ. ಇವತ್ತು ಸಂಜಿ ಗಾಡಿಗೆ ಆಕಿನ್ನ ಊರಿಗೆ ಕರಕೊಂಡು ಹೊಂಟೇವಿ.”

“ಉಂಡು ಹೋಗ್ರಿ,” ಎಂದಳು ಕಾಶವ್ವ, ಬೆಳ್ಳುಳ್ಳಿಯ ಸಿಪ್ಪೆಯನ್ನು ಉಡಿಯಿಂದ ಜಾಡಿಸಿ ಏಳುತ್ತ. “ಬಿಸಿ ಸಾರು ಐತಿ.” ಆಮೇಲೆ ಒಳಗಿನ ಕಡೆಗೆ, ಅದೇ ದನಿಯಲ್ಲಿ: “ಶೀಲಾ, ನಿನ್ನ ತಾಟು ಬ್ಯಾರೆ ಹಚ್ಚಿಟ್ಟೇನಿ ನೋಡು. ಉಣ್ಣು. ಸಂಜಿ ದೂರ ಹೋಗೋದೈತಿ.”

ಶೇಖರ ಎದ್ದ. ಏನು ಹೇಳಿದನೋ ಅವನಿಗೇ ನೆನಪಿಲ್ಲ. ಬೇಡ, ಹೊತ್ತಾಯಿತು ಎಂದಿರಬೇಕು. ಹೊಸ್ತಿಲಾಚೆ ಬಂದು ಚಪ್ಪಲಿ ಮೆಟ್ಟಿದ. ಗ್ಯಾಲರಿಯಲ್ಲಿ ಬಿಸಿಲಿತ್ತು, ಮೊರಗಳಲ್ಲಿ ಅಕ್ಕಿ ಹಾರುತ್ತಿತ್ತು. ಮಾಟುಂಗಕ್ಕೆ ಹಿಂತಿರುಗಿ ಡಾಕ್ಟರನ್ನು ಕರೆತರುವಷ್ಟರಲ್ಲಿ ಸಂಜೆಯ ಗಾಡಿ. ಅದಕ್ಕೂ ಮುಂಚೆ ಆ ತಾಟು. ತಪ್ಪಾಗಿದ್ದರೆ? ಒಂದು ಮರ್ಯಾದೆಯ ಮನೆಯ ಮೇಲೆ ಸಲ್ಲದ ಮಾತು ಹೊರಿಸಿದಂತಾದರೆ? ಹುಟ್ಟಿದಂದಿನಿಂದ ಅವನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಇದನ್ನೂ ಅಳಿಸಿ ಮನೆಗೆ ಹೋಗಬಹುದಿತ್ತು.

ಬಾಯಿ ತೆರೆದಾಗ ‘ಮದ್ದು’ ಎಂದೇ ಬಂತು. ಹತ್ತಿರದ ಹೆಂಗಸು ತಲೆಯೆತ್ತಿ ನೋಡಿ, ಅರ್ಥವಾಗದೆ, ಮತ್ತೆ ಮೊರಕ್ಕೆ ತಲೆ ತಗ್ಗಿಸಿದಳು. ಈ ಗ್ಯಾಲರಿಯಲ್ಲಿ ಆ ಶಬ್ದಕ್ಕೆ ಎರಡಲ್ಲ, ಒಂದರ್ಥವೂ ಇರಲಿಲ್ಲ. ಅವನು ಉಸಿರು ಎಳೆದುಕೊಂಡು, ಕಾರ್ಖಾನೆಯಲ್ಲಿ ಕಲಿತ ಮುರುಕು ಹಿಂದಿಯಲ್ಲಿ, ಎಂದೂ ಕೂಗದಷ್ಟು ಜೋರಾಗಿ ಕೂಗಿದ:

“ಜಹರ್! ಇಸ್ ಬಾಯಿ ಕೋ ಖಾನೇ ಮೇ ಜಹರ್ ದೇತಾ ಹೈ! ಜಹರ್!”

ವಿಷವೆಂಬುದು ಈ ಭಾಷೆಯಲ್ಲಿ ಎಲ್ಲರಿಗೂ ತಿಳಿಯಿತು. ಮೊರಗಳು ನಿಂತವು. ಕೆಳಗಿನ ಮಾಳಿಗೆಯ ಬಾಗಿಲುಗಳು ಒಂದೊಂದಾಗಿ ತೆರೆದ ಸದ್ದು. “ಕಾಯ್ ಝಾಲಂ?” ಎಂದು ಮುದುಕಿಯೊಬ್ಬಳು ಎದ್ದು ನಿಂತಳು. ಗದಿಗೆಪ್ಪ ಹೊಸ್ತಿಲಿಗೆ ಬಂದು, ಆ ಮೆತ್ತಗಿನ ದನಿಯಲ್ಲೇ, “ಪಾಗಲ್ ಹೈ ಬೇಚಾರಾ” ಎಂದ. ಕೆಲವರು ನಕ್ಕೂಬಿಟ್ಟರು. ಒಳಗೆ ಮೋರಿಯ ಕಡೆಯಿಂದ ಪಾತ್ರೆಯೊಂದನ್ನು ಬೋರಲು ಹಾಕಿದ ಸದ್ದು, ನೀರು ಸುರಿದ ಸದ್ದು, ತೆಂಗಿನ ನಾರಿನಿಂದ ಗಸಗಸ ತಿಕ್ಕುವ ಸದ್ದು ಕೇಳಿಸಿತು. ಕಾಶವ್ವ ಸಾರಿನ ಪಾತ್ರೆ ತೊಳೆಯುತ್ತಿದ್ದಳು. ಇನ್ನು ಡಾಕ್ಟರಿಗೆ ತೋರಿಸಲು ಏನೂ ಉಳಿಯಲಿಲ್ಲ ಎಂದುಕೊಂಡ ಶೇಖರ.

ಆಗ ಗದಿಗೆಪ್ಪನ ತೋಳಿನ ಕೆಳಗಿನಿಂದ ಶೀಲಾವತಿ ಹೊರಗೆ ಬಂದಳು. ಚಪ್ಪಲಿಯೊಳಗೆ ಕಾಲು ತೂರಿಸಲು ಎರಡು ಸಲ ನೋಡಿದಳು. ಪಾದಕ್ಕೆ ಚಪ್ಪಲಿ ಎಲ್ಲಿದೆಯೆಂದು ತಿಳಿಯಲಿಲ್ಲ. ಬಿಟ್ಟು ಬರಿಗಾಲಲ್ಲೇ ನಡೆದಳು. ಎರಡೂ ಕೈಯಲ್ಲಿ ತನಗೆಂದು ಬೇರೆ ಹಚ್ಚಿಟ್ಟಿದ್ದ ತಾಟು. ಅದರಲ್ಲಿ ಅನ್ನ, ಅನ್ನದ ಸುತ್ತ ಇನ್ನೂ ಹಬೆಯಾಡುವ ಸಾರು. ಒಂದು ಹನಿಯೂ ಚೆಲ್ಲದಂತೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ಅಕ್ಕಿಯ ಮೊರಗಳನ್ನು ದಾಟಿ ಬಂದಳು. ಗದಿಗೆಪ್ಪ ಹಿಂದೆ ಬರಲು ಕಾಲೆತ್ತಿದ. ಎದ್ದು ನಿಂತಿದ್ದ ಮುದುಕಿ ಅವನಿಗೆ ಅಡ್ಡ ನಿಂತಳು.

ಶೀಲಾವತಿ ಶೇಖರನ ಎದುರು ನಿಂತು ತಾಟನ್ನು ಅವನ ಕೈಗೆ ದಾಟಿಸಿದಳು. ಸಾರು ತಾಟಿನ ಅಂಚಿನವರೆಗೆ ಹರಿದು ಬಂತು.

“ಗಟ್ಟಿ ಹಿಡೀರಿ,” ಎಂದಳು. “ಚೆಲ್ಲಬ್ಯಾಡ್ರಿ.”